‘ಒಂಥರಾ ಆಗ್ತಿದೆ’ ಅಂದವರನ್ನು ಇನ್ನೊಂದು ಪ್ರಶ್ನೆ ಕೇಳಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಹೃದಯದ ಬಗ್ಗೆ ಬಂದ ಲೇಖನ ಓದಿದೆ. ಉಪ್ಪು ಕಡಿಮೆ ಮಾಡಿ, ಎಣ್ಣೆ ಕಡಿಮೆ ಮಾಡಿ, ಬೀಡಿ ಸಿಗರೇಟು ಬಿಡಿ, ದಿನಾ ಅರ್ಧ ಗಂಟೆ ನಡೆಯಿರಿ. ಎಲ್ಲ ಸರಿಯೇ. ಕೊನೆಯಲ್ಲಿ ಒಂದು ಸಾಲು ಇತ್ತು: ‘ಮನಸ್ಸು ಬಿಚ್ಚಿ ಮಾತಾಡಿ’. ಅದನ್ನು ಓದಿ ಮೊದಲು ನಗು ಬಂತು, ಆಮೇಲೆ ಸ್ವಲ್ಪ ಸಿಟ್ಟೂ ಬಂತು. ಗಂಟು ಬಿಚ್ಚಬೇಕಾದರೆ ಅದು ಎಲ್ಲಿದೆ ಅಂತ ಗೊತ್ತಿರಬೇಕು, ಅಲ್ವಾ? ಅದೇ ಗೊತ್ತಾಗದವರು ಇದ್ದಾರೆ. ಅಂಥವರೊಬ್ಬರ ಜೊತೆ ನಾನು 34 ವರ್ಷದಿಂದ ಸಂಸಾರ ಮಾಡುತ್ತಿದ್ದೇನೆ.

ನಾನು ಹನುಮಂತನಗರದವಳು. ಮನೆಯಲ್ಲೇ ರವಿಕೆ ಹೊಲಿಯುತ್ತೇನೆ. ನಮ್ಮನೆಯವರು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದರು. ರಿಟೈರ್ ಆಗಿ ಮೂರು ವರ್ಷ ಆಯಿತು. ನಟ್ಟು, ಬೋಲ್ಟು, ಬೇರಿಂಗು, ವಾಷರು, ಯಾವ ರ‍್ಯಾಕಿನಲ್ಲಿ ಎಷ್ಟಿದೆ ಅಂತ ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತಿದ್ದರು. ನೀವು ಹೇಗಿದ್ದೀರಿ ಅಂತ ಕೇಳಿದರೆ ಮಾತ್ರ ಅವರ ಹತ್ತಿರ ಎರಡೇ ಉತ್ತರ. ಒಂದು ‘ಸರಿ ಇದೀನಿ’. ಇನ್ನೊಂದು ‘ಒಂಥರಾ’.

ಈ ‘ಒಂಥರಾ’ ಏನು ಅಂತ ನಮ್ಮ ಊರಿನವರಿಗೆ ಹೇಳಿಕೊಡಬೇಕಾಗಿಲ್ಲ. ಪಕ್ಕದ ಮನೆ ಹೊಸ ಸೊಸೆ ಹೇಗೆ? ಒಂಥರಾ. ಹೋಟೆಲಿನ ಸಾಂಬಾರು ಹೇಗಿತ್ತು? ಒಂಥರಾ. ಯಾರನ್ನೂ ಬೈಯದೆ, ಏನನ್ನೂ ಹೇಳದೆ ಮಾತು ಮುಗಿಸಲು ಬಹಳ ಅನುಕೂಲದ ಪದ. ನಾನೂ ದಿನಕ್ಕೆ ಹತ್ತು ಸಲ ಹೇಳುತ್ತೇನೆ. ಆದರೆ ಹೋದ ವರ್ಷ ಫೆಬ್ರವರಿಯಲ್ಲಿ ಆ ಪದ ನಮ್ಮ ಮನೆಯಲ್ಲಿ ಒಂದು ಜೀವವನ್ನೇ ತೆಗೆದುಕೊಂಡು ಹೋಗುತ್ತಿತ್ತು.

ಅವತ್ತು ಅವರು ಕುಣಿಗಲ್‌ಗೆ ಹೋಗಿದ್ದರು. ಊರಿನ ತೆಂಗಿನ ತೋಟವನ್ನು ಅಣ್ಣತಮ್ಮಂದಿರು ಸೇರಿ ಮಾರಿದರು. ಇವರೂ ಹೋಗಿ ಸಹಿ ಹಾಕಿ ಬಂದರು. ನಮ್ಮ ಮಾವ ಕೈಯಾರೆ ನೆಟ್ಟ ತೋಟ ಅದು. ಸಂಜೆ ಬಸ್ಸಿಳಿದು ಮನೆಗೆ ಬಂದು, ಸ್ನಾನ ಮಾಡಿ, ತಟ್ಟೆ ಮುಂದೆ ಕೂತು, ಮುದ್ದೆ ಮುರಿಯದೆ ಎದ್ದರು. ‘ಯಾಕ್ರೀ?’ ಅಂದೆ. ‘ಗ್ಯಾಸು’ ಅಂದರು. ನಿಂಬೆಹಣ್ಣು ಹಿಂಡಿ ಸೋಡಾ ಕೊಟ್ಟೆ.

ರಾತ್ರಿ ಹತ್ತೂವರೆಗೆ ಹಾಸಿಗೆ ಮೇಲೆ ಎದ್ದು ಕೂತರು. ‘ಒಂಥರಾ ಆಗ್ತಿದೆ ಕಣೇ.’ ಆಟೋ ಹಿಡಿದು ಹತ್ತಿರದ ಒಂದು ನರ್ಸಿಂಗ್ ಹೋಮ್‌ಗೆ ಹೋದೆವು. ಡ್ಯೂಟಿಯಲ್ಲಿದ್ದ ಡಾಕ್ಟರು ನಮ್ಮ ಮಗನಿಗಿಂತ ಚಿಕ್ಕವನು.

‘ಎದೆ ನೋವಿದೆಯಾ ಅಂಕಲ್?’

‘ನೋವಲ್ಲ.’

‘ಮತ್ತೆ ಏನಾಗ್ತಿದೆ?’

‘ಒಂಥರಾ.’

‘ಏನಾದ್ರೂ ಟೆನ್ಷನ್ ಆಗಿತ್ತಾ?’

‘ಏನಿಲ್ಲ.’

ತೋಟ ಮಾರಿ ಆರು ಗಂಟೆ ಆಗಿರಲಿಲ್ಲ. ಏನಿಲ್ಲ! ಸುಳ್ಳು ಹೇಳಿದರು ಅಂತ ನಾನು ಅನ್ನುವುದಿಲ್ಲ. ಅವರ ಮಟ್ಟಿಗೆ ಅದು ನಿಜ. ಆ ಹುಡುಗ ನನ್ನ ಕಡೆ ತಿರುಗಿದ. ನಾನು ಯಾವತ್ತಿನ ಹಾಗೆ ಅವರ ಪರವಾಗಿ ಉತ್ತರ ಕೊಟ್ಟೆ: ‘ದೂರ ಓಡಾಡಿದ್ದಾರಪ್ಪ, ಊಟ ಮಾಡಿಲ್ಲ, ಗ್ಯಾಸೇ ಇರ್ಬೇಕು.’ ಒಂದು ಇಂಜೆಕ್ಷನ್ ಕೊಟ್ಟು, ಗುಳಿಗೆ ಬರೆದು ಕಳಿಸಿದ. ಇಸಿಜಿ ಯಂತ್ರ ಅಲ್ಲೇ ಗೋಡೆ ಪಕ್ಕ, ಮೇಲೊಂದು ಬಟ್ಟೆ ಹೊದ್ದು ನಿಂತಿತ್ತು. ಅದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಬೆಳಗಿನ ಜಾವ ಐದಕ್ಕೆ ದವಡೆ ಹಿಡಿದುಕೊಂಡು ಬಚ್ಚಲ ಬಾಗಿಲಲ್ಲಿ ನಿಂತಿದ್ದರು. ಬನಿಯನ್ ಹಿಂಡಿದರೆ ನೀರು ಬರುವಷ್ಟು ಬೆವರು. ಮಗ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ. ಹೃದಯದ ಒಂದು ರಕ್ತನಾಳ ಪೂರ್ತಿ ಮುಚ್ಚಿಹೋಗಿತ್ತು. ಸ್ಟೆಂಟ್ ಹಾಕಿದರು. ಬದುಕಿದರು. ರಾತ್ರಿಯೇ ಬಂದಿದ್ದರೆ ಹೃದಯದ ಸ್ನಾಯು ಇನ್ನಷ್ಟು ಉಳಿಯುತ್ತಿತ್ತು ಅಂತ ಅಲ್ಲಿನ ಡಾಕ್ಟರು ಹೇಳಿದರು.

ಆ ಹುಡುಗ ಡಾಕ್ಟರನನ್ನು ದೂರಲು ಈ ಪತ್ರ ಬರೆಯುತ್ತಿಲ್ಲ. ಹೃದಯದ ತೊಂದರೆ ಅಂತ ಅನುಮಾನ ಬಂದರೆ 10 ನಿಮಿಷದೊಳಗೆ ಇಸಿಜಿ ಆಗಬೇಕು ಅನ್ನುವ ನಿಯಮ ವೈದ್ಯರಿಗೆ ಗೊತ್ತಿರುವುದೇ. ಆದರೆ ಅನುಮಾನ ಬರುವುದಕ್ಕೆ ರೋಗಿ ಏನಾದರೂ ಹೇಳಬೇಕಲ್ಲ. ಇನ್ನೊಂದನ್ನೂ ಹೇಳಿಬಿಡುತ್ತೇನೆ. ನಮ್ಮನೆಯವರಿಗೆ ಒಂಬತ್ತು ವರ್ಷದಿಂದ ಶುಗರ್ ಇದೆ. ಶುಗರ್ ಇರುವವರಿಗೆ ಹಾರ್ಟ್ ಅಟ್ಯಾಕಿನಲ್ಲೂ ಎದೆ ನೋವು ಅಷ್ಟಾಗಿ ಗೊತ್ತಾಗದೆ ಹೋಗಬಹುದಂತೆ. ಹಾಗಾಗಿ ಎಲ್ಲವನ್ನೂ ಅವರ ಸ್ವಭಾವದ ತಲೆಗೆ ಕಟ್ಟುವುದೂ ನ್ಯಾಯವಲ್ಲ. ನನ್ನ ಪಾಲಿನ ತಪ್ಪಂತೂ ಇದ್ದೇ ಇದೆ.

ಎರಡು ತಿಂಗಳಾದ ಮೇಲೆ ತಪಾಸಣೆಗೆ ಹೋದಾಗ ಅಲ್ಲಿನ ಆಪ್ತಸಮಾಲೋಚಕಿ ಒಬ್ಬಳು ಇವರನ್ನು ಕೂರಿಸಿಕೊಂಡು ಒಂದು ಪ್ರಶ್ನೆಪಟ್ಟಿ ತೆಗೆದಳು. 20 ಸಾಲು. ಪ್ರತಿ ಸಾಲಿಗೂ 1ರಿಂದ 5ರವರೆಗೆ ಅಂಕ. ಹಾಳೆ ಇಂಗ್ಲಿಷಿನಲ್ಲಿತ್ತು. ಪಾಪ, ಅವಳೇ ಕನ್ನಡದಲ್ಲಿ ಹೇಳುತ್ತಾ ಹೋದಳು. ಮನಸ್ಸಿನಲ್ಲಿ ಏನಾಗುತ್ತಿದೆ ಅಂತ ನಿಮಗೇ ಗೊಂದಲ ಆಗುತ್ತಾ? ಬೇಜಾರಾದಾಗ ಅದು ದುಃಖವೋ, ಭಯವೋ, ಕೋಪವೋ ಅಂತ ತಿಳಿಯುತ್ತಾ? ಮೈಯಲ್ಲಿ ಆಗುವುದು ಅರ್ಥವಾಗದೆ ಇರುತ್ತಾ? ನಾನು ಬಾಯಿ ತೆರೆದೆ. ಅವಳು ನನ್ನ ಕಡೆ ನೋಡಿ, ‘ಆಂಟಿ, ನೀವು ಸ್ವಲ್ಪ ಹೊರಗಡೆ ಕೂತ್ಕೊಳ್ತೀರಾ?’ ಅಂದಳು. ಮದುವೆಯಾದ ಮೇಲೆ ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಕೋಪ ಬಂತು. ಅದು ಕೋಪ ಅಂತ ನನಗೆ ತಕ್ಷಣ ಗೊತ್ತಾಯಿತು ಅನ್ನುವುದೇ ನನಗೂ ಅವರಿಗೂ ಇರುವ ವ್ಯತ್ಯಾಸ.

61 ಅಥವಾ ಅದಕ್ಕಿಂತ ಜಾಸ್ತಿ ಬಂದರೆ, ತನ್ನ ಮನಸ್ಸಿನಲ್ಲಿ ಏನಾಗುತ್ತಿದೆ ಅಂತ ತನಗೇ ತಿಳಿಯದ ಗುಣ ಇದೆ ಅಂತ ಲೆಕ್ಕ. ಇವರಿಗೆ 100ಕ್ಕೆ 66 ಬಂತು. ‘ಎಸ್ಸೆಸ್ಸೆಲ್ಸಿಯಲ್ಲಿ ಬರದ ಫಸ್ಟ್ ಕ್ಲಾಸು ಇಲ್ಲಿ ಬಂತಲ್ಲಪ್ಪ’ ಅಂತ ಮಗ ರೇಗಿಸಿದ.

ಈ ಗುಣಕ್ಕೆ ಅಲೆಕ್ಸಿಥೈಮಿಯಾ ಅಂತ ಹೆಸರು. ಬಾಯಿ ತಿರುಗದ ಹೆಸರು. ಅಮೆರಿಕದ ಬೋಸ್ಟನ್ನಿನಲ್ಲಿದ್ದ ಮನೋವೈದ್ಯ ಪೀಟರ್ ಸಿಫ್ನಿಯೋಸ್ 1973ರಲ್ಲಿ ಗ್ರೀಕ್ ಪದಗಳನ್ನು ಜೋಡಿಸಿ ಇಟ್ಟದ್ದು. ಭಾವನೆಗೆ ಮಾತಿಲ್ಲ ಅಂತ ಅರ್ಥ. ಇದು ಕಾಯಿಲೆ ಅಲ್ಲ, ಒಂದು ಸ್ವಭಾವ. ಕೆಲವರಲ್ಲಿ ಸ್ವಲ್ಪ, ಕೆಲವರಲ್ಲಿ ಜಾಸ್ತಿ. ಹೆಂಗಸರಲ್ಲೂ ಇದೆ. ಹತ್ತು ಜನರಲ್ಲಿ ಹೆಚ್ಚುಕಡಿಮೆ ಒಬ್ಬರಲ್ಲಿ ಇರುತ್ತದಂತೆ. ನಮ್ಮ ಬೀದಿಯ ಕಟ್ಟೆ ಮೇಲೆ ಸಂಜೆ ಕೂರುವ ಗಂಡಸರನ್ನು ಕೂರಿಸಿ ಕೇಳಿದರೆ ಲೆಕ್ಕ ಇನ್ನೂ ಮೇಲೆ ಹೋಗುತ್ತದೆ ಅಂತ ನನ್ನ ಅಂದಾಜು. ಅದು ನನ್ನ ಮಾತು, ವಿಜ್ಞಾನದ್ದಲ್ಲ.

ಇದಕ್ಕೂ ಹಾರ್ಟಿಗೂ ಏನು ಸಂಬಂಧ ಅಂತ ನಾನೂ ಕೇಳಿದೆ. ಫಿನ್ಲೆಂಡಿನ ಪೂರ್ವ ಭಾಗದಲ್ಲಿ ಕುವೊಪಿಯೊ ಅಂತ ಒಂದು ಊರು. ಅಲ್ಲಿನ ಗಂಡಸರಲ್ಲಿ ಹೃದಯಾಘಾತ ಬಹಳ ಇತ್ತು. ಅಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಧ್ಯವಯಸ್ಸಿನ ಗಂಡಸರನ್ನು ಸುಮಾರು 20 ವರ್ಷ ಗಮನಿಸಿದರು. ಫಲಿತಾಂಶ 2010ರಲ್ಲಿ ಬಂತು. ಈ ಗುಣದ ಅಂಕ ಜಾಸ್ತಿ ಇದ್ದವರಲ್ಲಿ ಹೃದಯ, ರಕ್ತನಾಳದ ಕಾಯಿಲೆಯಿಂದ ಸಾಯುವುದೂ ಜಾಸ್ತಿ ಕಂಡುಬಂತು. ಉಳಿದ ಕಾರಣಗಳನ್ನು ಲೆಕ್ಕದಿಂದ ಕಳೆದ ಮೇಲೂ ಸ್ವಲ್ಪ ಉಳಿಯಿತು. ಬಿಪಿ ಇರುವವರಲ್ಲೂ ಈ ಗುಣ ಹೆಚ್ಚಾಗಿ ಕಂಡಿದ್ದಾರೆ. ಹಾಗಂತ ಇದರಿಂದಲೇ ಅಟ್ಯಾಕ್ ಆಗುತ್ತದೆ ಅಂತ ಯಾರೂ ಸಾಬೀತು ಮಾಡಿಲ್ಲ. ಎರಡೂ ಜೊತೆಜೊತೆಗೆ ಕಾಣಿಸುತ್ತವೆ, ಅಷ್ಟೇ. ಖಿನ್ನತೆ, ಬಡತನ, ಒಂಟಿತನ ಇವೂ ಇದರ ಜೊತೆ ಹೆಣೆದುಕೊಂಡಿರುತ್ತವೆ. ಯಾವ ದಾರ ಎಳೆದರೆ ಯಾವ ಹೊಲಿಗೆ ಬಿಚ್ಚುತ್ತದೆ ಅಂತ ಹೇಳುವುದು ಕಷ್ಟ.

ಆ ಸಮಾಲೋಚಕಿ ಹೇಳಿದ್ದು ನನಗೆ ಹೀಗೆ ಅರ್ಥವಾಯಿತು. ಕೋಪ, ಭಯ, ದುಃಖಕ್ಕೆ ನಾವು ಹೆಸರಿಡಲಿ ಬಿಡಲಿ, ಮೈ ತನ್ನ ಕೆಲಸ ಮಾಡಿಬಿಡುತ್ತದೆ. ಅಡ್ರಿನಲಿನ್, ಕಾರ್ಟಿಸಾಲ್ ಅನ್ನುವ ಹಾರ್ಮೋನುಗಳು ಏರುತ್ತವೆ, ಎದೆ ಬಡಿತ ಜೋರಾಗುತ್ತದೆ, ಬಿಪಿ ಮೇಲಕ್ಕೆ ಹೋಗುತ್ತದೆ, ರಕ್ತ ಬೇಗ ಹೆಪ್ಪುಗಟ್ಟುವ ಹಾಗಾಗುತ್ತದೆ. ಹೆಸರು ಗೊತ್ತಿದ್ದವನು ಜಗಳ ಆಡುತ್ತಾನೆ, ಅಳುತ್ತಾನೆ, ಅಕ್ಕನಿಗೆ ಫೋನ್ ಮಾಡುತ್ತಾನೆ. ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಹೆಸರು ಗೊತ್ತಿಲ್ಲದವನು ಒಲೆ ಉರಿಯುತ್ತಿದೆ ಅಂತ ತಿಳಿಯದೆ ಹೊಗೆ ಹೋಗಲಿ ಅಂತ ಕಿಟಕಿ ತೆರೆಯುತ್ತಾನೆ. ನಮ್ಮನೆಯವರ ಕಿಟಕಿ ಸಿಗರೇಟು. ಸಾಮಾನ್ಯ ದಿನ ನಾಲ್ಕು. ಮನೆಯಲ್ಲಿ ಏನಾದರೂ ಆದ ದಿನ ಹತ್ತು. ಅವರಿಗೆ ಬೇಜಾರಾಗಿದೆ ಅಂತ ಅವರಿಗೆ ಗೊತ್ತಾಗುವ ಮುಂಚೆ ಬೀದಿ ತುದಿಯ ಬೀಡಾ ಅಂಗಡಿಯವನಿಗೆ ಗೊತ್ತಾಗುತ್ತಿತ್ತು.

52 ದೇಶಗಳ ರೋಗಿಗಳನ್ನು ನೋಡಿ ಮಾಡಿ 2004ರಲ್ಲಿ ಹೊರಬಂದ ಇಂಟರ್‌ಹಾರ್ಟ್ ಅನ್ನುವ ದೊಡ್ಡ ಅಧ್ಯಯನದಲ್ಲಿ ಹೃದಯಾಘಾತದ ಮುಖ್ಯ ಒಂಬತ್ತು ಅಂಶಗಳಲ್ಲಿ ಮನಸ್ಸಿನ ಒತ್ತಡವೂ ಒಂದು ಅಂತ ಬಂದಿತ್ತು. ಆದರೆ ಒತ್ತಡವನ್ನು ಅಳೆಯುವುದು ರೋಗಿಯನ್ನು ಕೇಳಿ. ‘ಟೆನ್ಷನ್ ಇದೆಯಾ?’ ‘ಏನಿಲ್ಲ.’ ಇವರನ್ನು ಯಾವ ಖಾನೆಗೆ ಹಾಕುತ್ತೀರಿ?

ಭಾವನೆ ಇಲ್ಲದ ಮನುಷ್ಯ ಅಂತ ಮಾತ್ರ ಯಾರೂ ತಿಳಿಯಬಾರದು. ನಮ್ಮತ್ತೆ ಹೋದಾಗ ಇವರು ಒಂದು ಹನಿ ಕಣ್ಣೀರು ಹಾಕಲಿಲ್ಲ. ಶಾಮಿಯಾನ, ಕುರ್ಚಿ, ಕಾಫಿ ಲೋಟ ಎಲ್ಲ ಎಣಿಸಿ ತರಿಸಿ, ಎಣಿಸಿ ವಾಪಸ್ ಕಳಿಸಿದರು. ನೆಂಟರು ಕಲ್ಲು ಹೃದಯ ಅಂದರು. ವೈಕುಂಠ ಸಮಾರಾಧನೆ ಮುಗಿದ ಮಾರನೇ ದಿನದಿಂದ ಮೂರು ವಾರ ಸೊಂಟ ಹಿಡಿದು ಮಲಗಿದರು. ಎಕ್ಸ್-ರೇಯಲ್ಲಿ ಏನೂ ಇರಲಿಲ್ಲ.

ಇನ್ನೊಂದು ಸಂಗತಿ. 2021ರ ಅಕ್ಟೋಬರ್ 29ರ ಶುಕ್ರವಾರ ಅಪ್ಪು ಹೋದರು ಅಂತ ಸುದ್ದಿ ಬಂತಲ್ಲ, 46 ವರ್ಷಕ್ಕೇ. ನಾನು ಟಿವಿ ಮುಂದೆ ಕೂತು ಅತ್ತೆ, ನಮ್ಮ ಬೀದಿಯೇ ಅತ್ತಿತು. ಇವರು ಪೇಪರ್ ಮಡಚಿಟ್ಟು ಒಳಗೆ ಹೋದರು. ಶನಿವಾರ ಬೆಳಿಗ್ಗೆ ‘ಒಂದು ರೌಂಡ್ ಹೋಗಿ ಬರ್ತೀನಿ’ ಅಂತ ಹೊರಟವರು ರಾತ್ರಿ ಎಂಟಕ್ಕೆ ಬಂದರು. ಕಾಲು ಊದಿತ್ತು. ಎಲ್ಲಿಗೆ ಹೋಗಿದ್ರಿ ಅಂದರೆ ‘ಹೀಗೇ’. ವಾರದ ಮೇಲೆ ಎದುರು ಮನೆ ಹುಡುಗ ಹೇಳಿದ, ‘ಅಂಕಲ್ ಕಂಠೀರವ ಸ್ಟೇಡಿಯಮ್ಮಿನ ಕ್ಯೂನಲ್ಲಿ ನಿಂತಿದ್ರು ಆಂಟಿ.’ ಆ ದಿನಗಳಲ್ಲಿ ಜಯದೇವ ಆಸ್ಪತ್ರೆ ಮುಂದೆ ಹೃದಯ ತೋರಿಸಿಕೊಳ್ಳಲು ಜನ ಸಾಲುಗಟ್ಟಿದ್ದರು. ಇವರೂ ‘ಎದೆ ಬಿಗಿ’ ಅಂತ ಎರಡು ದಿನ ಅಮೃತಾಂಜನ ಹಚ್ಚಿಕೊಂಡರು. ಅದು ದುಃಖವೋ, ಹೆದರಿಕೆಯೋ, ನಿಜವಾಗಿ ಹೃದಯದ್ದೇ ಏನೋ, ಯಾರಿಗೆ ಗೊತ್ತು? ನಾನು ಕೇಳಲಿಲ್ಲ. ಅಮೃತಾಂಜನದ ಡಬ್ಬಿ ಕೊಟ್ಟೆ.

ಇದರಲ್ಲಿ ನಮ್ಮ ಭಾಷೆಯದೂ ಒಂದು ಪಾತ್ರ ಇದೆ ಅಂತ ಈಚೆಗೆ ಅನ್ನಿಸುತ್ತಿದೆ. ಹೊಲಿಗೆ ಮಿಷನ್ ತುಳಿಯುವಾಗ ಇಂಥದ್ದೆಲ್ಲ ಯೋಚನೆ ಬರುತ್ತದೆ. ಕನ್ನಡದಲ್ಲಿ ಮನಸ್ಸಿನ ಮಾತನ್ನೆಲ್ಲ ಮೈ ಮೇಲೆ ಹಾಕಿ ಹೇಳುತ್ತೇವೆ. ಕರುಳು ಚುರ್ ಅಂತು. ಹೊಟ್ಟೆ ಉರೀತು. ಎದೆ ಧಸಕ್ ಅಂತು. ಕೈಕಾಲು ತಣ್ಣಗಾಯಿತು. ಎಷ್ಟು ಚೆಂದ! ಆದರೆ ಹೊಟ್ಟೆ ಉರಿ ಅಂದವರಿಗೆ ಡಾಕ್ಟರು ಅಸಿಡಿಟಿ ಗುಳಿಗೆ ಬರೆಯುತ್ತಾರೆ. ‘ಸಂಕಟ’ ಅನ್ನುವ ಪದವನ್ನೇ ನೋಡಿ. ವಾಂತಿ ಬರುವ ಹಾಗಾದರೂ ಸಂಕಟ, ಮಗ ಮಾತು ಬಿಟ್ಟರೂ ಸಂಕಟ, ಹಾರ್ಟ್ ಅಟ್ಯಾಕಿಗೂ ಸಂಕಟ. ನಮ್ಮತ್ತೆ ‘ಸಂಕಟ ಆಗ್ತಿದೆ’ ಅಂದರೆ ನಾವು ‘ಸಂಕಟ ಬಂದಾಗ ವೆಂಕಟರಮಣ’ ಅಂತ ತಮಾಷೆ ಮಾಡುತ್ತಿದ್ದೆವು. ಯಾವ ಸಂಕಟ ಅಂತ ಒಂದು ದಿನವೂ ಕೇಳಲಿಲ್ಲ. ಈಗಿನವರಿಗೆ ಅಷ್ಟೂ ಪದ ಇಲ್ಲ. ಬೇಜಾರು, ಟೆನ್ಷನ್, ಗ್ಯಾಸು. ಮೂರರಲ್ಲೇ ಬೆಂಗಳೂರು ನಡೆಯುತ್ತಿದೆ.

ಆ ಸಮಾಲೋಚಕಿ ದೊಡ್ಡ ಚಿಕಿತ್ಸೆ ಏನೂ ಹೇಳಲಿಲ್ಲ. ಮನೆಯಲ್ಲಿ ಬಿಪಿ ಬರೆದಿಡುವ ಪುಸ್ತಕ ಇದೆಯಾ ಅಂದಳು. ಇದೆ. ಸ್ಟೋರ್ ಕೀಪರ್ ಮನೆಯಲ್ಲಿ ಪುಸ್ತಕಕ್ಕೆ ಬರವೇ? ತಾರೀಖು, ಬೆಳಿಗ್ಗೆ, ಸಂಜೆ ಅಂತ ಸ್ಕೇಲಿಟ್ಟು ಗೆರೆ ಹಾಕಿದ್ದಾರೆ. ಅದರ ಪಕ್ಕ ಇನ್ನೊಂದು ಕಾಲಮ್ಮು ಹಾಕಿ, ‘ಹೇಗಿದೆ’ ಅಂತ ಒಂದೇ ಪದ ಬರೆಯಿರಿ ಅಂದಳು. ‘ಸರಿ’ ಮತ್ತು ‘ಒಂಥರಾ’ ಎರಡೂ ಬರೆಯುವ ಹಾಗಿಲ್ಲ. ಮೊದಲ ಹನ್ನೊಂದು ದಿನ ಕಾಲಮ್ಮು ಖಾಲಿ. ಹನ್ನೆರಡನೇ ದಿನ ‘ಸೆಕೆ’. ಅದು ಭಾವನೆ ಅಲ್ಲ ಅಂತ ಹೇಳೋಣ ಅನ್ನಿಸಿತು, ಸುಮ್ನಾದೆ. ಮುಂದಿನ ತಿಂಗಳು ಅವರ ತಮ್ಮ ಫೋನ್ ಮಾಡಿ, ತೋಟ ಕೊಂಡವರು ತೆಂಗಿನ ಮರ ಕಡಿಸುತ್ತಿದ್ದಾರೆ ಅಂದ. ಅವತ್ತು ಸಂಜೆ ಬಿಪಿ 158. ಪಕ್ಕದಲ್ಲಿ ‘ಕಸಿವಿಸಿ’ ಅಂತ ಬರೆದು, ಹೊಡೆದುಹಾಕಿ, ‘ಅಪ್ಪ’ ಅಂತ ಬರೆದಿದ್ದರು. ನಾನು ಪುಸ್ತಕ ಮುಚ್ಚಿ ಅಡುಗೆಮನೆಗೆ ಹೋದೆ.

ಬಿಪಿ ಈಗ ಇಳಿದಿದೆ. ಅದು ಗುಳಿಗೆಯಿಂದಲೋ, ಸಿಗರೇಟು ಬಿಟ್ಟಿದ್ದರಿಂದಲೋ, ಕಾಲಮ್ಮಿನಿಂದಲೋ ಅಂತ ಹೇಳಲು ನಾನು ಡಾಕ್ಟರಲ್ಲ. ಗುಳಿಗೆ ಅಂತಲೇ ಇಟ್ಟುಕೊಳ್ಳಿ. ಯಾರೂ ಪುಸ್ತಕ ಬರೆದುಕೊಂಡು ಗುಳಿಗೆ ಬಿಡಬೇಡಿ.

ಈಗ ನನ್ನ ಕೋರಿಕೆ. ತಾಲ್ಲೂಕು ಆಸ್ಪತ್ರೆಗಳಲ್ಲೂ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯವರಿಗೆ ತೋರಿಸಿ, ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡುವ ವ್ಯವಸ್ಥೆ ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಬಂದಿದೆ. ಬಹಳ ಒಳ್ಳೆಯದು. ಆದರೆ ಯಂತ್ರದ ತಂತಿ ಎದೆಗೆ ಅಂಟುವ ಮುಂಚೆ ಒಂದು ಮಾತುಕತೆ ನಡೆಯುತ್ತದೆ. ಆ ಮಾತುಕತೆಯಲ್ಲಿ ‘ಒಂಥರಾ’ ಅಂದವರನ್ನು ಅಲ್ಲಿಗೇ ಬಿಡಬೇಡಿ ಅಂತ ಡಾಕ್ಟರುಗಳಲ್ಲಿ, ನರ್ಸುಗಳಲ್ಲಿ ಕೇಳಿಕೊಳ್ಳುತ್ತೇನೆ. ಭಾರ ಇಟ್ಟ ಹಾಗಾ? ಹಿಂಡಿದ ಹಾಗಾ? ಉರಿಯಾ? ಬೆನ್ನಿಗೆ, ದವಡೆಗೆ, ಕೈಗೆ ಹೋಗುತ್ತಾ? ಬೆವರು ಬಂತಾ? ಇವತ್ತು ಬೆಳಿಗ್ಗೆಯಿಂದ ಏನೇನು ಮಾಡಿದಿರಿ? ಕೊನೆಯ ಪ್ರಶ್ನೆ ಬಹಳ ಮುಖ್ಯ. ಏನನ್ನಿಸಿತು ಅಂದರೆ ನಮ್ಮನೆಯವರಿಗೆ ಉತ್ತರ ಇಲ್ಲ. ಏನು ಮಾಡಿದಿರಿ ಅಂದರೆ ಬಸ್ಸಿನ ನಂಬರಿನಿಂದ ಸಹಿ ಹಾಕಿದ ಪೆನ್ನಿನವರೆಗೂ ಹೇಳುತ್ತಾರೆ. ಅನುಮಾನ ಇದ್ದರೆ ಆ ಬಟ್ಟೆ ಸರಿಸಿ ಇಸಿಜಿ ತೆಗೆದುಬಿಡಿ. ಗ್ಯಾಸೇ ಆಗಿದ್ದರೆ ಸಂತೋಷ.

ಪಕ್ಕದಲ್ಲಿ ಹೆಂಡತಿ ಇದ್ದರೆ ಅವಳ ಕಡೆ ತಿರುಗಬೇಡಿ. ನಾವು ಬಹಳ ಚೆನ್ನಾಗಿ ಉತ್ತರ ಕೊಡುತ್ತೇವೆ, ಅದೇ ತೊಂದರೆ.

ನಿಮ್ಮ ಆರೋಗ್ಯ ಪುಟದವರು ಆ 20 ಪ್ರಶ್ನೆಗಳಂಥದ್ದು ಏನಾದರೂ ತಿಳಿದವರಿಂದ ಒಳ್ಳೆಯ ಕನ್ನಡದಲ್ಲಿ ಬರೆಸಿ ಹಾಕಿದರೆ ಉಪಕಾರ. ಮನಸ್ಸಿನ ವಿಷಯ ಯಾರನ್ನು ಕೇಳಬೇಕು ಅಂತ ತಿಳಿಯದವರಿಗೆ 14416 ಅನ್ನುವ ಟೆಲಿ ಮಾನಸ್ ನಂಬರ್ ಇದೆ. 2022ರ ಅಕ್ಟೋಬರ್‌ನಿಂದ ಇದೆ, ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಅದನ್ನೂ ಪುಟದ ಕೆಳಗೆ ದೊಡ್ಡ ಅಕ್ಷರದಲ್ಲಿ ಹಾಕಿ. ಎದೆ ಬಿಗಿ, ಬೆವರು ಬಂದವರು ಮಾತ್ರ ಅಲ್ಲಿಗೆ ಫೋನ್ ಮಾಡುತ್ತಾ ಕೂರದೆ ನೇರ ಆಸ್ಪತ್ರೆಗೆ ಹೋಗಲಿ ಅಂತಲೂ ಬರೆಯಿರಿ.

ಪತ್ರ ಉದ್ದ ಆಯಿತು. ಕತ್ತರಿ ನಿಮ್ಮ ಕೈಯಲ್ಲಿದೆ. ಅಳತೆ ನೋಡಿ ಕತ್ತರಿಸಿ.

ಬರೆದು ಮುಗಿಸಿ ಇವರಿಗೆ ಓದಿ ಹೇಳಿದೆ. ಪೂರ್ತಿ ಕೇಳಿದರು. ‘ಹೇಗಿದೆ ರೀ?’ ಅಂದೆ. ಬಾಯಿಗೆ ಬಂದದ್ದನ್ನು ನುಂಗಿಕೊಂಡರು, ಕಾಣಿಸಿತು. ಸ್ವಲ್ಪ ಹೊತ್ತು ಬಿಟ್ಟು, ‘ನಾಚಿಕೆ ಆಯ್ತು. ಹೆಸರು ಹಾಕಿಸಬೇಡ’ ಅಂದರು. ಅದಕ್ಕೇ ಹೆಸರು ಹಾಕಿಲ್ಲ.

ಇಂತಿ,
ನಿಮ್ಮ ಹಳೆಯ ಓದುಗಿ
ಹನುಮಂತನಗರ, ಬೆಂಗಳೂರು